ಈ ಮಳೆ ಯಾವ ಊರಿನದು?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕಾರಣ ಮಾಮೂಲು: ಒಂದು ರಿಲೀಸು, ಅದರ ಹಿಂದೆ ಒಂದು ಪ್ರೊಡಕ್ಷನ್ ಇಶ್ಯೂ, ಅದರ ಹಿಂದೆ ಇನ್ನೊಂದು ರಿಲೀಸು. ಆ ಪುರಾಣ ಬೇಡ ಬಿಡಿ. ಈ ಸಲ ಮಳೆ ಬಗ್ಗೆ ಬರೀತೀನಿ. "ಮತ್ತೆ ಮಳೆನಾ?" ಅಂತ ಮೂಗು ಮುರೀಬೇಡಿ. ಜೂನ್ ಬಂತು ಅಂದ್ರೆ ನಮ್ಮ ಕನ್ನಡ ಬ್ಲಾಗುಗಳಲ್ಲಿ ಮಳೆ, ಹಲಸಿನ ಹಪ್ಪಳ, ಹಳೇ ಹುಡುಗಿ ಎಲ್ಲಾ ಒಟ್ಟಿಗೇ ಸುರಿಯೋದು ನಂಗೂ ಗೊತ್ತು. ಇದು ಆ ಜಾತಿಯದ್ದಲ್ಲ. ಇದ್ರಲ್ಲಿ ಸ್ವಲ್ಪ ಕೆಮಿಸ್ಟ್ರಿ ಇದೆ, ಸ್ವಲ್ಪ ಮನೆ ಜಗಳ ಇದೆ.

ಪ್ರಶ್ನೆ ಬಹಳ ಸಣ್ಣದು. ನಮ್ಮೂರಲ್ಲಿ ಬೀಳೋ ಮಳೆ ಎಲ್ಲಿಂದ ಬರತ್ತೆ?

"ಮೋಡದಿಂದ" ಅನ್ನಬೇಡಿ. ಮೋಡಕ್ಕೆ ಆ ನೀರು ಎಲ್ಲಿಂದ ಬಂತು ಅನ್ನೋದು ಪ್ರಶ್ನೆ. ಅರಬ್ಬಿ ಸಮುದ್ರದ್ದಾ, ಬಂಗಾಳ ಕೊಲ್ಲಿಯದ್ದಾ, ಅಥವಾ ಪಕ್ಕದ ತಾಲೂಕಿನ ಕಾಡು ಮೊನ್ನೆ ಕುಡಿದು ಇವತ್ತು ಉಸಿರು ಬಿಟ್ಟ ನೀರಾ? ನೀರಿನ ಹನಿ ನೋಡಿದ್ರೆ ಎಲ್ಲಾ ಒಂದೇ. ಅದರ ಮೇಲೆ ವಿಳಾಸ ಬರೆದಿರಲ್ಲ.

ವಿಷಯ ಏನಪ್ಪಾ ಅಂದ್ರೆ, ಬರೆದಿರತ್ತಂತೆ! ಓದೋಕೆ ಬರಬೇಕು ಅಷ್ಟೇ.

ನಾನು ಇದರ ಹಿಂದೆ ಬಿದ್ದಿದ್ದಕ್ಕೆ ಕಾರಣ ನಮ್ಮ ಮನೆ. ತೀರ್ಥಹಳ್ಳಿ ತಾಲೂಕಿನ ಒಂದು ಮೂಲೆಯಲ್ಲಿ ನಮ್ಮ ಅಡಿಕೆ ತೋಟ ಇದೆ. ತೋಟದ ಮೇಲ್ಗಡೆ ಗುಡ್ಡದಲ್ಲಿ ಎರಡು ಎಕರೆ ಕಾಡು. ನಮ್ಮದೇ ಖಾತೆ ಜಾಗ. ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು, ನೇರಳೆ, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಮರ. ಅಜ್ಜನ ಕಾಲದಿಂದ ಯಾರೂ ಕೈ ಹಾಕಿಲ್ಲ. ಎರಡು ಮೂರು ವರ್ಷದಿಂದ ಎಲೆಚುಕ್ಕೆ ರೋಗ ತೋಟಕ್ಕೆ ಬಂದು ಫಸಲು ಇಳಿದಿದೆ. ಮಲೆನಾಡಿನವರಿಗೆ ಇದನ್ನ ವಿವರಿಸೋದು ಬೇಡ. ಹೀಗಿರೋವಾಗ ಒಬ್ಬ ಮರದ ವ್ಯಾಪಾರಿ ಬಂದು, "ಪರ್ಮಿಟ್ಟು ಗಿರ್ಮಿಟ್ಟು ಎಲ್ಲಾ ನಾನೇ ನೋಡ್ಕಳ್ತೀನಿ, ನೀವು ಹೂಂ ಅನ್ನಿ ಸಾಕು" ಅಂತ ಒಂದು ಮೊತ್ತ ಹೇಳಿ ಹೋದ. ಆ ಮೊತ್ತ ಕೇಳಿದ ಮೇಲೆ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಚಿಕ್ಕಪ್ಪನಿಗೆ ಕೊಡೋಣ ಅಂತ. ಜಾಗ ಇಬ್ಬರ ಹೆಸರಲ್ಲೂ ಇದೆ. ಅವರ ಮಗಳು ಈ ವರ್ಷ ಕಾಲೇಜು ಸೇರಬೇಕು, ಸೊಸೈಟಿ ಸಾಲ ಬೇರೆ ಇದೆ. ಅಪ್ಪಯ್ಯನಿಗೆ ಸುತಾರಾಂ ಇಷ್ಟ ಇಲ್ಲ. ಅವರದ್ದು ಒಂದೇ ಮಾತು, "ಕಾಡು ಹೋದ್ರೆ ಮಳೆ ಹೋಗ್ತದೆ." ಚಿಕ್ಕಪ್ಪ ಸುಮ್ಮನಿರೋ ಪೈಕಿ ಅಲ್ಲ. "ಮಳೆ ಬರೋದು ಸಮುದ್ರದಿಂದ ಅಣ್ಣಯ್ಯ. ಅದೇನು ನಮ್ಮ ಎರಡೆಕ್ರೆ ನೋಡ್ಕಂಡು ಬರ್ತದಾ?" ಅಂತಾರೆ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗ್ತಾರೆ. "ನೀನು ಓದಿದವ, ಹೇಳು ಮಾರಾಯ. ಕಾಡಿಂದ ಮಳೆಯೋ, ಸಮುದ್ರದಿಂದ ಮಳೆಯೋ?"

ನಾನು ಓದಿದ್ದು ಎಲೆಕ್ಟ್ರಾನಿಕ್ಸು, ಮಾಡೋದು ಸಾಫ್ಟ್‌ವೇರು. ಆದ್ರೆ ಊರಲ್ಲಿ ಇಂಜಿನಿಯರ್ ಅಂದ್ರೆ ಮಿಕ್ಸಿಯಿಂದ ಮಾನ್ಸೂನ್ ತನಕ ಎಲ್ಲಾ ಗೊತ್ತಿರಬೇಕು :) ಸರಿ, ಬೆಂಗಳೂರಿಗೆ ಬಂದು ಓದೋಕೆ ಕೂತೆ. ಒಂದು ವಾರದ ಕುತೂಹಲ ಅಂದ್ಕೊಂಡಿದ್ದು ಮೂರು ತಿಂಗಳು ಹಿಡೀತು.

ಮೊದಲು ನೀರಿನ ಒಳಗೆ ಹೋಗೋಣ. ನೀರಿನ ಅಣು ಅಂದ್ರೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಇಷ್ಟು ಹೈಸ್ಕೂಲು. ಆದ್ರೆ ಎಲ್ಲಾ ಆಕ್ಸಿಜನ್ನೂ ಒಂದೇ ತೂಕ ಇರಲ್ಲ. ಬಹುಪಾಲು ಆಕ್ಸಿಜನ್-16. ಅಲ್ಲೊಂದು ಇಲ್ಲೊಂದು ಆಕ್ಸಿಜನ್-18, ಅಂದ್ರೆ ಎರಡು ನ್ಯೂಟ್ರಾನ್ ಜಾಸ್ತಿ ಇರೋ ಅಣ್ಣ. ಹಾಗೇ ಹೈಡ್ರೋಜನ್ನಿಗೂ ಡ್ಯುಟೀರಿಯಂ ಅನ್ನೋ ಎರಡು ಪಟ್ಟು ತೂಕದ ಅಣ್ಣ ಇದೆ. 1931ರಲ್ಲಿ ಹೆರಾಲ್ಡ್ ಯೂರಿ ಇದನ್ನ ಕಂಡುಹಿಡಿದು 1934ರಲ್ಲಿ ನೊಬೆಲ್ ತಗೊಂಡರು. ಇವಕ್ಕೆ ಐಸೋಟೋಪ್ ಅಂತಾರೆ, ಪಠ್ಯಪುಸ್ತಕದ ಕನ್ನಡದಲ್ಲಿ ಸಮಸ್ಥಾನಿ. ಯುರೇನಿಯಂ ಥರ ಒಡೆದು ವಿಕಿರಣ ಸೂಸೋ ಜಾತಿ ಅಲ್ಲ ಇವು. ಹುಟ್ಟಿದ ಹಾಗೇ ಇರ್ತವೆ. ಅದಕ್ಕೇ ಸ್ಥಿರ ಐಸೋಟೋಪ್. ಕಡಲಿನ ಹತ್ತು ಲಕ್ಷ ನೀರಿನ ಅಣು ಎಣಿಸಿದ್ರೆ ಸುಮಾರು 2,000ದಲ್ಲಿ ಭಾರದ ಆಕ್ಸಿಜನ್-18 ಇರತ್ತೆ, ಸುಮಾರು 310ರಲ್ಲಿ ಒಂದು ಡ್ಯುಟೀರಿಯಂ ಇರತ್ತೆ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗತ್ತೆ? ನೀರು ಆವಿಯಾಗೋವಾಗ ಹಗುರದ ಅಣು ಸುಲಭವಾಗಿ ಮೇಲೇಳತ್ತೆ, ಭಾರದ್ದು ಸ್ವಲ್ಪ ಹಿಂದೆ ಉಳಿಯತ್ತೆ. ಮಳೆಯಾಗೋವಾಗ ಉಲ್ಟಾ. ಭಾರದ್ದು ಮೊದಲು ಹನಿಗೆ ಸೇರ್ಕೊಳತ್ತೆ, ಹಗುರದ್ದು ಆವಿಯಾಗೇ ಮುಂದೆ ಹೋಗತ್ತೆ.

ಆಗುಂಬೆ ಘಾಟಿ ಹತ್ತೋ ಮಿನಿ ಬಸ್ ನೆನಪಿಸ್ಕೊಳ್ಳಿ. ಉಡುಪಿಯಲ್ಲಿ ಜನ ಹತ್ತಿದ್ರು. ಅದ್ರಲ್ಲಿ ಕೆಲವರ ಹತ್ರ ಗೋಣಿಚೀಲ, ಟ್ರಂಕು. ಲಗೇಜು ಇರೋರು ಮುಂಚೆ ಇಳಿಯೋದು ಸ್ವಲ್ಪ ಜಾಸ್ತಿ ಅಂತ ಇಟ್ಕೊಳ್ಳಿ. ಹೆಬ್ರಿಯಲ್ಲಿ ಒಂದಿಷ್ಟು ಜನ ಇಳಿದ್ರು, ಸೋಮೇಶ್ವರದಲ್ಲಿ ಒಂದಿಷ್ಟು, ಆಗುಂಬೆಯಲ್ಲಿ ಒಂದಿಷ್ಟು. ಪ್ರತಿ ಸ್ಟಾಪಲ್ಲೂ ಇಳಿದವರ ಗುಂಪಲ್ಲಿ ಲಗೇಜು ಪ್ರಮಾಣ ಬಸ್ಸಲ್ಲಿ ಉಳಿದವರಿಗಿಂತ ಜಾಸ್ತಿ. ತೀರ್ಥಹಳ್ಳಿ ದಾಟೋ ಹೊತ್ತಿಗೆ ಬಸ್ಸಲ್ಲಿ ಉಳಿದವರು ಹೆಚ್ಚಾಗಿ ಕೈ ಬೀಸಿಕೊಂಡು ಬಂದವರು. ಈಗ ನಾನು ಬಸ್ಸನ್ನ ನೋಡೇ ಇಲ್ಲ ಅಂದ್ರೂ, ಯಾವುದೋ ಸ್ಟಾಪಲ್ಲಿ ಇಳಿದವರ ಲಗೇಜು ಎಣಿಸಿ ಬಸ್ಸು ಎಷ್ಟು ಖಾಲಿಯಾಗಿದೆ ಅಂತ ಅಂದಾಜು ಮಾಡಬಹುದು. ಐಸೋಟೋಪ್ ಕಥೆ ಇಷ್ಟೇ. ಇಳಿದವರು ಅಂದ್ರೆ ಮಳೆ.

ಅಳತೆಯನ್ನ ಡೆಲ್ಟಾ ಅಂತ ಕರೀತಾರೆ. ಕಡಲ ನೀರಿಗೆ ಸೊನ್ನೆ, ಅದಕ್ಕಿಂತ ಭಾರದ ಅಣು ಕಡಿಮೆ ಇದ್ರೆ ಮೈನಸ್, ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಸುಮ್ಮನೆ ಓದಿದ್ರೆ ನಂಗೆ ತಲೆಗೆ ಹತ್ತಲ್ಲ, ಹಾಗಾಗಿ ಹತ್ತು ಸಾಲಿನ ಪೈಥಾನ್ ಕೋಡ್ ಬರೆದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೂ ಆವಿಗೂ ಆಕ್ಸಿಜನ್-18ರ ವ್ಯತ್ಯಾಸ ಸಾವಿರಕ್ಕೆ 9ರ ಚಿಲ್ಲರೆ. ಕಡಲ ಮೇಲಿನ ಆವಿ ಮೈನಸ್ 11 ಅಂತ ಇಟ್ಕೊಂಡ್ರೆ ಅದರಿಂದ ಬೀಳೋ ಮೊದಲ ಮಳೆ ಸುಮಾರು ಮೈನಸ್ 2. ಆ ಗಾಳಿ ತನ್ನ ಅರ್ಧ ನೀರು ಸುರಿಸಿ ಮುಗಿಸೋ ಹೊತ್ತಿಗೆ ಮಳೆ ಮೈನಸ್ 8. ಮುಕ್ಕಾಲು ಸುರಿಸಿದ ಮೇಲೆ ಮೈನಸ್ 15ರ ಹತ್ತಿರ. ಕಡಲಿಂದ ದೂರ ಹೋದಷ್ಟೂ, ಬೆಟ್ಟ ಹತ್ತಿದಷ್ಟೂ ಮೈನಸ್ ಬೆಳೀತಾ ಹೋಗತ್ತೆ. ಅಂಟಾರ್ಕ್ಟಿಕಾದ ಒಳನಾಡಿನ ಹಿಮ ಮೈನಸ್ 50ಕ್ಕಿಂತ ಕೆಳಗೆ.

ಇದನ್ನ ಮಳೆಯಲ್ಲಿ ನೋಡಬಹುದು ಅಂತ ಹೊಳೆದಿದ್ದು ಹೇಗೆ ಅನ್ನೋ ಕಥೆ ನಂಗೆ ಬಹಳ ಇಷ್ಟ ಆಯ್ತು. ವಿಲಿ ಡಾನ್ಸ್‌ಗಾರ್ಡ್ ಅಂತ ಡೆನ್ಮಾರ್ಕಿನವರು. 1952ರ ಜೂನ್ 21, ಶನಿವಾರ. ಕೋಪನ್‌ಹೇಗನ್‌ನಲ್ಲಿ ಜೋರು ಮಳೆ. ಅವರ ಲ್ಯಾಬಿನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. ಒಂದು ಮಳೆಗೂ ಇನ್ನೊಂದು ಮಳೆಗೂ ಈ ಭಾರದ ಅಣುಗಳ ಲೆಕ್ಕ ಬದಲಾಗತ್ತಾ ಅಂತ ಅನುಮಾನ ಬಂತು. ಖಾಲಿ ಬಿಯರ್ ಬಾಟಲಿಗೆ ಫನೆಲ್ ಇಟ್ಟು ಮನೆ ಮುಂದಿನ ಹುಲ್ಲಿನ ಮೇಲೆ ಇಟ್ರು. ವಾರಾಂತ್ಯ ಪೂರ್ತಿ ನೀರು ಹಿಡಿದ್ರು. ಅಳೆದು ನೋಡಿದ್ರೆ ಒಂದೇ ಮಳೆ ಮುಂದುವರೆದ ಹಾಗೆ ಲೆಕ್ಕ ಬದಲಾಗಿದೆ, ಅದೂ ಮೋಡದ ಉಷ್ಣತೆಗೆ ತಕ್ಕ ಹಾಗೆ! ಆ ಬಾಟಲಿಯಿಂದ ಶುರುವಾಗಿದ್ದು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಾವಿರಾರು ವರ್ಷದ ಹವಾಮಾನ ಓದೋ ತನಕ ಹೋಯ್ತು. 1964ರಲ್ಲಿ ಮಳೆಯ ಐಸೋಟೋಪ್ ಬಗ್ಗೆ ಅವರು ಬರೆದ ಪ್ರಬಂಧವನ್ನ ಇವತ್ತಿಗೂ ಈ ವಿಷಯದ ಎಲ್ಲರೂ ನೆನೀತಾರೆ. ನಾವು ಶನಿವಾರ ಖಾಲಿ ಬಿಯರ್ ಬಾಟಲಿಯನ್ನ ಏನು ಮಾಡ್ತೀವಿ ಅನ್ನೋದು ಬೇಡ ಬಿಡಿ.

ಇನ್ನೊಬ್ಬರು ಹಾರ್ಮನ್ ಕ್ರೇಗ್. 1961ರಲ್ಲಿ ಲೋಕದ ಬೇರೆ ಬೇರೆ ಕಡೆಯ ನೀರನ್ನ ಅಳೆದು ಗ್ರಾಫ್ ಹಾಕಿದ್ರು. ಒಂದು ಕಡೆ ಆಕ್ಸಿಜನ್ ಡೆಲ್ಟಾ, ಇನ್ನೊಂದು ಕಡೆ ಡ್ಯುಟೀರಿಯಂ ಡೆಲ್ಟಾ. ಬಿಂದುಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಗೆರೆ ಮೇಲೆ: ಆಕ್ಸಿಜನ್ನಿನ 8 ಪಟ್ಟು, ಕೂಡಿಸು 10. ಈ 10 ಇದೆಯಲ್ಲ, ಅದೇ ಕುತೂಹಲದ ಸಂಖ್ಯೆ. ನೀರು ಎಂಥಾ ಗಾಳಿಯಲ್ಲಿ ಆವಿಯಾಯ್ತು ಅನ್ನೋದರ ಮೇಲೆ ಅದು ಬದಲಾಗತ್ತೆ. ಒಣ ಗಾಳಿಯಲ್ಲಿ ಆವಿಯಾದ್ರೆ ಜಾಸ್ತಿ, ತೇವದ ಗಾಳಿಯಲ್ಲಿ ಕಡಿಮೆ. ಪೂರ್ವ ಮೆಡಿಟರೇನಿಯನ್ ಕಡೆಯ ಮಳೆಯಲ್ಲಿ ಇದು 20 ದಾಟತ್ತೆ. ಇದಕ್ಕೆ ಡ್ಯುಟೀರಿಯಂ ಎಕ್ಸೆಸ್ ಅಂತ ಹೆಸರು. ಆಕ್ಸಿಜನ್ ಡೆಲ್ಟಾ ದಾರಿಯ ಸುದ್ದಿ ಹೇಳಿದ್ರೆ, ಇದು ಹೊರಟ ಜಾಗದ ಹವೆ ಹೇಗಿತ್ತು ಅಂತ ಹೇಳತ್ತೆ. ನಮ್ಮ ಭಾಷೆಯಲ್ಲಿ ಪ್ಯಾಕೆಟ್ಟಿನ ಹೆಡರ್ ಇದ್ದಂಗೆ. ಎಷ್ಟು ಹಾಪ್ ದಾಟಿದೆ ಅಂತ ಒಂದು ಸಂಖ್ಯೆ, ಎಲ್ಲಿಂದ ಹೊರಟಿತು ಅನ್ನೋದಕ್ಕೆ ಇನ್ನೊಂದು ಸುಳಿವು.

1961ರಿಂದಲೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ ಸೇರಿ ಲೋಕದ ಊರೂರಲ್ಲಿ ಮಳೆ ನೀರು ಹಿಡಿಸಿ ಅಳೀತಾ ಇವೆ. ದೆಹಲಿ, ಮುಂಬೈ ಲೆಕ್ಕಗಳೂ ಅದ್ರಲ್ಲಿವೆ. ಹಿಡಿದ ನೀರು ಆವಿಯಾದ್ರೆ ಲೆಕ್ಕ ಕೆಡತ್ತಲ್ಲ, ಹಾಗಾಗಿ ತಿಂಗಳಿಡೀ ನೀರು ಸೇರಿಸೋ ಡಬ್ಬದಲ್ಲಿ ಮೇಲೊಂದು ಪದರ ಪ್ಯಾರಾಫಿನ್ ಎಣ್ಣೆ ಹಾಕ್ತಿದ್ರು. ನಮ್ಮಜ್ಜಿ ಉಪ್ಪಿನಕಾಯಿ ಜಾಡಿಗೆ ಮೇಲೆ ಎಣ್ಣೆ ನಿಲ್ಲಿಸ್ತಿದ್ದ ಹಾಗೆ. ಭಾರತದಲ್ಲಿ ಅಹ್ಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದ್ರೆ ಪಿಆರ್‌ಎಲ್, ಇದ್ರಲ್ಲಿ ಹಳೇ ಹೆಸರು. ದೇಶದ ನೀರಿನ ಬೆರಳಚ್ಚು ತೆಗೆಯೋ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಅವರು ನಡೆಸಿದ್ದಾರೆ.

ಈಗ ನಮ್ಮ ಕಡೆ ಬರೋಣ. ಇಲ್ಲೊಂದು ಭಾಷೆಯ ತಮಾಷೆ ಇದೆ. ಇಂಗ್ಲಿಷ್ ಪ್ರಬಂಧಗಳಲ್ಲಿ ಬೇಸಿಗೆ ಮಳೆ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ಮಾನ್ಸೂನ್. ನಮಗೆ ಬೇಸಿಗೆ ಮಳೆ ಅಂದ್ರೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಮೃಗಶಿರ ಹುಟ್ಟಿತು ಅಂದ್ರೆ ಮಳೆಗಾಲವೇ. ಆಮೇಲೆ "ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ" ಅನ್ನೋ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಹಳಬರು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆಗೆ ಹೆಸರಿಟ್ಟು ಸ್ವಭಾವ ಹೇಳ್ತಿದ್ರಲ್ಲ, ಐಸೋಟೋಪ್ ಗ್ರಾಫ್ ನೋಡೋವಾಗ ನಂಗೆ ಅದೇ ನೆನಪಾಗೋದು. ಒಂದೊಂದು ಮಳೆಗೂ ಒಂದೊಂದು ಗುಣ.

ದಕ್ಷಿಣ ಭಾರತಕ್ಕೆ ಎರಡು ಕಡೆಯಿಂದ ಮಳೆ. ಜೂನ್‌ನಿಂದ ನೈಋತ್ಯ ಮಾರುತ. ಸೊಮಾಲಿಯಾ ತೀರದ ಹತ್ತಿರ ತಿರುಗಿ ಅರಬ್ಬಿ ಸಮುದ್ರದ ಮೇಲೆ ಬಿರುಸಾಗಿ ಬರೋ ಗಾಳಿ. ಅಕ್ಟೋಬರ್‌ನಿಂದ ಈಶಾನ್ಯ ಮಾರುತ, ಬಂಗಾಳ ಕೊಲ್ಲಿ ಕಡೆಯಿಂದ. ಈ ಎರಡನೆಯದ್ದು ಸಾಮಾನ್ಯವಾಗಿ ಹೆಚ್ಚು ಮೈನಸ್. ಗಂಗೆ, ಬ್ರಹ್ಮಪುತ್ರೆ ಮಳೆಗಾಲವಿಡೀ ಹಗುರದ ಸಿಹಿನೀರು ತಂದು ಕೊಲ್ಲಿಗೆ ಸುರಿದಿರ್ತವೆ, ಅಲ್ಲಿನ ಮೇಲ್ಪದರದ ನೀರೇ ಹಗುರ. ಆ ವ್ಯತ್ಯಾಸ ಬಾವಿ ನೀರಲ್ಲೂ ಉಳಿಯತ್ತೆ. 2003ರಲ್ಲಿ ಪಿಆರ್‌ಎಲ್‌ನವರು ದಕ್ಷಿಣ ಭಾರತದ ಅಂತರ್ಜಲ ಅಳೆದು ಎರಡು ಮಾನ್ಸೂನಿನ ಗುರುತು ಅದ್ರಲ್ಲಿ ಕಂಡಿದ್ದಾರೆ. ಬಾವಿಯೊಳಗೆ ಬಗ್ಗಿ ನೋಡಿ ಯಾವ ಕಡಲು ಅಂತ ಹೇಳೋದು ಅಂದ್ರೆ ಸಣ್ಣ ಮಾತಾ?

ಬೆಂಗಳೂರಿನ ಮಳೆಯನ್ನೂ ಬಿಟ್ಟಿಲ್ಲ. ಐಐಎಸ್ಸಿಯ ಪ್ರೊಸೆನ್‌ಜಿತ್ ಘೋಷ್ ತಂಡ 2016ರಲ್ಲಿ ಪ್ರಕಟಿಸಿದ ಕೆಲಸ ಓದಿದೆ. ಬೆಂಗಳೂರಿನ ಮಾನ್ಸೂನ್ ಮಳೆಯ ಲೆಕ್ಕ ವಿವರಿಸೋಕೆ ಮೂರು ಸಂಗತಿ ಬೇಕು ಅಂತಾರೆ: ಗಾಳಿ ಅರಬ್ಬಿ ಸಮುದ್ರದ ಮೇಲೆ ಸುರಿಸೋ ಮಳೆ, ಪಶ್ಚಿಮಘಟ್ಟದ ಮೇಲೆ ಸುರಿಸೋ ಮಳೆ, ಮತ್ತೆ ನೆಲದಿಂದ ಮರಳಿ ಗಾಳಿಗೆ ಸೇರೋ ನೀರು. ಈ ಮೂರನೆಯದ್ದನ್ನ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಮನೆ ಜಗಳ ಇರೋದು ಅಲ್ಲೇ.

ಆದ್ರೆ ಅದಕ್ಕೆ ಮುಂಚೆ ಒಂದು ಎಚ್ಚರಿಕೆ. ಈ ಬೆರಳಚ್ಚು ಪೊಲೀಸರ ಬೆರಳಚ್ಚಿನಷ್ಟು ಖಡಾಖಂಡಿತ ಅಲ್ಲ. ಒಂದೇ ಸಂಖ್ಯೆ ಬೇರೆ ಬೇರೆ ದಾರಿಯಿಂದ ಬರಬಹುದು. ಹನಿ ಕೆಳಗೆ ಬೀಳೋವಾಗ ಒಣಗಾಳಿ ಸಿಕ್ಕಿದ್ರೆ ದಾರಿಯಲ್ಲೇ ಸ್ವಲ್ಪ ಆವಿಯಾಗಿ ಲೆಕ್ಕ ತಿರುಚತ್ತೆ. ಏಪ್ರಿಲ್ಲಿನ ಮೊದಲ ದಪ್ಪ ಹನಿಗಳಲ್ಲಿ ಇದು ಜಾಸ್ತಿ. ಮಳೆ ಜಾಸ್ತಿ ಬಂದ ದಿನ ಮೈನಸ್ ಜಾಸ್ತಿ ಅನ್ನೋ ಹಳೇ ನಂಬಿಕೆ ಇತ್ತು. ಪಿಆರ್‌ಎಲ್‌ನ ಲಕ್ಷ್ಮಿ, ಆರ್. ರಮೇಶ್ ಮುಂತಾದವರು 2014ರಲ್ಲಿ ಕೇರಳದ ಮಳೆ ಅಳೆದು, ಆ ಊರಲ್ಲಿ ಎಷ್ಟು ಸುರೀತು ಅನ್ನೋದಕ್ಕಿಂತ ಸುತ್ತಲಿನ ವಿಶಾಲ ಪ್ರದೇಶದಲ್ಲಿ ಮೋಡಗಳು ಎಷ್ಟು ದೊಡ್ಡದಾಗಿ ಸಂಘಟಿತವಾಗಿದ್ವು ಅನ್ನೋದೇ ಮುಖ್ಯ ಅಂತ ತೋರಿಸಿದ್ರು. ಅಂದ್ರೆ ನಮ್ಮಂಗಳದಲ್ಲಿ ಬಿದ್ದ ಹನಿಯಲ್ಲಿ ದೂರದ ಕಡಲ ಮೇಲೆ ನಡೆದ ಗಲಾಟೆಯ ಸುದ್ದಿ ಇರತ್ತೆ. ಲಾಗ್ ಫೈಲ್ ಓದೋರಿಗೆ ಇದು ಗೊತ್ತು. ಎರರ್ ಕಾಣೋದು ನಮ್ಮ ಸರ್ವಿಸಲ್ಲಿ, ಆಗಿರೋದು ಇನ್ಯಾರದ್ದೋ ಸರ್ವಿಸಲ್ಲಿ. ಅದಕ್ಕೇ ಈ ಸಂಶೋಧಕರು ಐಸೋಟೋಪ್ ಒಂದನ್ನೇ ನಂಬಲ್ಲ. ಗಾಳಿಯ ದಾರಿಯನ್ನ ಹಿಂದಕ್ಕೆ ಲೆಕ್ಕ ಹಾಕೋ ಮಾಡೆಲ್ ಜೊತೆ ಇಟ್ಟು ನೋಡ್ತಾರೆ. ಅಮೆರಿಕದ ಹವಾಮಾನ ಸಂಸ್ಥೆಯ ಹೈಸ್ಪ್ಲಿಟ್ ಅನ್ನೋದನ್ನ ಯಾರು ಬೇಕಾದ್ರೂ ಬ್ರೌಸರಲ್ಲೇ ಓಡಿಸಬಹುದು. ನಾನೂ ಓಡಿಸಿದೆ. ಜುಲೈನ ಒಂದು ದಿನ ಕೊಟ್ರೆ ನಮ್ಮೂರಿಂದ ಗೆರೆಗಳು ಪಶ್ಚಿಮಕ್ಕೆ ಇಳಿದು, ಕಡಲು ದಾಟಿ, ಆಫ್ರಿಕಾ ಕಡೆ ಬಾಗಿ ಹೋದ್ವು. ರಾತ್ರಿ ಒಂದೂವರೆಗೆ ಅದನ್ನ ನೋಡ್ತಾ ಕೂತಿದ್ದೆ. ಹೆಂಡತಿ ಎದ್ದು ಬಂದು, "ಆಫೀಸ್ ಕೆಲಸನಾ?" ಅಂದ್ಳು. "ಅಲ್ಲ, ಮಳೆ ಕೆಲಸ" ಅಂದೆ.

ಈಗ ಮರದ ವಿಷಯ. ಇದು ನಂಗೆ ಅತ್ಯಂತ ಚಂದ ಕಂಡ ಭಾಗ. ಕೆರೆ, ಗುಂಡಿ, ಹಸಿ ಮಣ್ಣಿಂದ ನೀರು ನೇರ ಆವಿಯಾದ್ರೆ ಹಗುರದ್ದು ಮೊದಲು ಹೋಗತ್ತೆ, ಡ್ಯುಟೀರಿಯಂ ಎಕ್ಸೆಸ್ ಏರತ್ತೆ. ಆದ್ರೆ ಮರ ಹಾಗಲ್ಲ. ಬೇರು ನೀರು ಹೀರೋವಾಗ ಭಾರ ಹಗುರ ಅಂತ ಭೇದ ಮಾಡಲ್ಲ. ಎಲೆಯಲ್ಲಿ ಮೊದಲು ಹಗುರದ್ದು ಹಾರಿ ಭಾರದ್ದು ಉಳಿಯತ್ತೆ ನಿಜ, ಆದ್ರೆ ಎಲೆಯಲ್ಲಿ ಜಾಗ ಎಷ್ಟಿದೆ? ಬೇಗ ಭಾರದ್ದು ತುಂಬಿ, ಆಮೇಲೆ ಬೇರಿಂದ ಬಂದಷ್ಟೇ ಲೆಕ್ಕದಲ್ಲಿ ಹೊರಗೆ ಹೋಗೋಕೆ ಶುರುವಾಗತ್ತೆ. ಸರಳವಾಗಿ ಹೇಳೋದಾದ್ರೆ, ಮರ ಬಿದ್ದ ಮಳೆಯನ್ನ ಹೇಗಿತ್ತೋ ಹಾಗೇ ಗಾಳಿಗೆ ವಾಪಸ್ ಕೊಡತ್ತೆ. ನಮ್ಮ ಬಸ್ಸಿನ ಲೆಕ್ಕದಲ್ಲಿ, ಹಿಂದಿನ ಸ್ಟಾಪಲ್ಲಿ ಲಗೇಜು ಸಮೇತ ಇಳಿದವರನ್ನ ಲಗೇಜು ಸಮೇತ ಮತ್ತೆ ಹತ್ತಿಸಿ ಕಳಿಸತ್ತೆ.

ಹಾಗಾದ್ರೆ ಕಾಡಿನ ಮೇಲೆ ಹಾದು ಹೋದ ಗಾಳಿಯಲ್ಲಿ ಮೈನಸ್ ಬೆಳೆಯೋದು ನಿಧಾನ ಆಗಬೇಕು. ಆಗತ್ತಾ? ಬ್ರೆಜಿಲ್ಲಿನ ಎನಿಯಾಸ್ ಸಲಾಟಿ ಮತ್ತು ಜೊತೆಯವರು ಅಮೆಜಾನಿನಲ್ಲಿ ಇದನ್ನೇ ನೋಡಿದ್ರು. ಅಟ್ಲಾಂಟಿಕ್ ಕಡಲಿಂದ ಕಾಡಿನೊಳಗೆ ಹೋದ ಹಾಗೆ ಮಳೆಯ ಡೆಲ್ಟಾ ಇಳೀಬೇಕಾದಷ್ಟು ಇಳೀಲೇ ಇಲ್ಲ. ದಾರಿಯುದ್ದಕ್ಕೂ ಕಾಡು ನೀರು ಮರಳಿಸ್ತಾ ಇತ್ತು. ಅಲ್ಲಿನ ಮಳೆಯಲ್ಲಿ ಅರ್ಧದಷ್ಟು ಕಾಡೇ ಮರಳಿ ಕೊಟ್ಟ ನೀರು ಅನ್ನೋ ಅಂದಾಜಿಗೆ ಬಂದ್ರು. ಪ್ರಬಂಧ ಬಂದಿದ್ದು 1979ರಲ್ಲಿ. ಕಾಡು ಮಳೆ ತರತ್ತೆ ಅಂತ ಹಳಬರು ಹೇಳಿದ್ರೆ ಮೂಢನಂಬಿಕೆ ಅಂತ ತಳ್ಳಿ ಹಾಕ್ತಿದ್ದ ವಿಷಯಕ್ಕೆ ಒಂದು ಸಂಖ್ಯೆ ಬಂತು.

ನಮ್ಮ ಘಟ್ಟದ ಮಟ್ಟಿಗೆ? 2018ರಲ್ಲಿ ಐಐಟಿ ಬಾಂಬೆಯ ತಂಡ ಕಂಪ್ಯೂಟರ್ ಮಾಡೆಲ್ ಇಟ್ಟು ಲೆಕ್ಕ ಹಾಕಿದೆ. ಇದು ಐಸೋಟೋಪ್ ಅಲ್ಲ, ಆದ್ರೆ ಪ್ರಶ್ನೆ ಅದೇ. ತಮಿಳುನಾಡಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬರೋ ಮಳೆಯಲ್ಲಿ ಪಶ್ಚಿಮಘಟ್ಟದ ಕಾಡುಗಳು ಕೊಡೋ ನೀರಿನ ಪಾಲು ದೊಡ್ಡದಿದೆ. ಮಾನ್ಸೂನ್ ಕೈಕೊಟ್ಟ ವರ್ಷಗಳಲ್ಲಿ ಆ ಪಾಲು ಇನ್ನೂ ಜಾಸ್ತಿ. ಕಡಲು ಕೊಡದಿದ್ದಾಗ ಕಾಡು ಕೊಡತ್ತೆ.

ಇಷ್ಟೆಲ್ಲಾ ಓದಿ, ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ತೀರ್ಪು ಹೇಳೋಕೆ ಕೂತೆ. ಕಾಯಿಕಡುಬು ತಿಂದು ಎಲ್ಲಾ ಜಗಲಿಯಲ್ಲಿ ಇದ್ರು.

ಮೊದಲು ಚಿಕ್ಕಪ್ಪನ ಪರ ಹೇಳಿದೆ. ನಮ್ಮೂರಿಗೂ ಕಡಲಿಗೂ ನೇರ ಗೆರೆ ಎಳೆದ್ರೆ ಅರವತ್ತು ಕಿಲೋಮೀಟರ್ ಆಸುಪಾಸು. ಜುಲೈ ಗಾಳಿ ಅಷ್ಟು ದೂರವನ್ನ ಒಂದೆರಡು ಗಂಟೆಯಲ್ಲಿ ದಾಟತ್ತೆ. ಘಟ್ಟ ಹತ್ತಿ ತಣ್ಣಗಾಗಿ ಸುರಿಯತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟೋ ಮಳೆ ಅದು. ಅದ್ರಲ್ಲಿ ನಮ್ಮ ಮರಗಳ ಕೈವಾಡ ಹುಡುಕೋಕೆ ಹೋದ್ರೆ ಸಿಗೋದು ಅಷ್ಟಕ್ಕಷ್ಟೇ. ಆರಿದ್ರಾ, ಪುನರ್ವಸು ಸಮುದ್ರದ್ದು. ಚಿಕ್ಕಪ್ಪನ ಮುಖ ಅರಳಿತು.

ಆಮೇಲೆ ಅಪ್ಪಯ್ಯನ ಪರ ಹೇಳಿದೆ. ಆ ಗಾಳಿ ನಮ್ಮಲ್ಲಿ ನಿಲ್ಲಲ್ಲ. ಘಟ್ಟ ಇಳಿದು ಪೂರ್ವಕ್ಕೆ ಹೋಗತ್ತೆ. ಶಿವಮೊಗ್ಗ, ಚನ್ನಗಿರಿ, ಚಿತ್ರದುರ್ಗ, ಚಳ್ಳಕೆರೆ. ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರ್ ಒಳಗೆ, ಮಳೆ ಮಾತ್ರ 500 ಮಿಲಿಮೀಟರ್ ಆಸುಪಾಸು. ಬಸ್ಸು ಅಲ್ಲಿಗೆ ಹೋಗೋ ಹೊತ್ತಿಗೆ ಖಾಲಿ. ಅಂಥ ಕಡೆ ಘಟ್ಟದ ಮರಗಳು ಮರಳಿ ಹತ್ತಿಸಿ ಕಳಿಸೋ ನೀರಿಗೆ ಬೆಲೆ ಇದೆ. ಅದೂ ಸೆಪ್ಟೆಂಬರ್‌ನಲ್ಲಿ, ಕಡಲ ಗಾಳಿ ಸೋತಿರೋವಾಗ, ಶೇಂಗಾ ಕಾಯಿಕಟ್ಟೋ ಹೊತ್ತಲ್ಲಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪ ಕೇಳಿದ ಪ್ರಶ್ನೆ ನನ್ನ ಯಾವ ಗ್ರಾಫಿಗೂ ಉತ್ತರ ಗೊತ್ತಿಲ್ಲದ್ದು. "ಅಂದ್ರೆ ಮರ ನಾವು ಇಟ್ಕಳ್ಳಬೇಕು, ಮಳೆ ಅವರಿಗೆ. ಅವರು ನಮಗೆ ಎಂತ ಕೊಡ್ತಾರಂತೆ?"

ಅಪ್ಪಯ್ಯ ಎಲೆಗೆ ಸುಣ್ಣ ಹಚ್ತಾ ಇದ್ರು. ತಲೆ ಎತ್ತದೇ, "ಸಮುದ್ರ ನಮ್ಮ ಹತ್ರ ಎಂತ ತಗಂಡು ಕೊಡ್ತದಾ?" ಅಂದ್ರು.

ಕೇಳೋಕೆ ಚಂದ ಇದೆ. ಆದ್ರೆ ಚಿಕ್ಕಪ್ಪನ ಮಾತಲ್ಲೂ ನ್ಯಾಯ ಇದೆ. ಸಮುದ್ರಕ್ಕೆ ಮಗಳ ಕಾಲೇಜು ಫೀಸು ಕಟ್ಟೋದಿಲ್ಲ. ಎಲೆಚುಕ್ಕೆ ಬಂದವನ ಮರ ಬಯಲುಸೀಮೆಯ ರೈತನಿಗೆ ಮಳೆ ಕೊಡತ್ತೆ ಅಂದ್ರೆ, ಆ ಮರದ ಖರ್ಚನ್ನ ಮಾತ್ರ ಎಲೆಚುಕ್ಕೆ ಬಂದವನೇ ಹೊರಬೇಕು ಅನ್ನೋದು ಯಾವ ಲೆಕ್ಕ? "ಎರಡೆಕ್ರೆಯಿಂದ ಎಂತ ಆಗ್ತದೆ?" ಅಂತ ಅವರು ಕೇಳಿದ್ರೆ, ಎರಡೆಕ್ರೆಯಿಂದ ಏನೂ ಆಗಲ್ಲ ಅನ್ನೋದೇ ನಿಜ. ಆದ್ರೆ ಘಟ್ಟದಲ್ಲಿ ಎಲ್ಲರ ಹತ್ರ ಇರೋದೂ ಎರಡೆಕ್ರೆ, ಮೂರೆಕ್ರೆನೇ. ಎಲ್ಲರೂ ಇದೇ ಮಾತು ಆಡಿದ್ರೆ ಆಗೋದು ಏನು ಅಂತ ಮಾಡೆಲ್ ಓಡಿಸಿ ನೋಡಬೇಕಾಗಿಲ್ಲ.

ಇನ್ನೊಂದು ಮಾತನ್ನ ನಾನು ಕೊನೆಗೆ ಇಟ್ಕೊಂಡಿದ್ದೆ. ತೋಟಕ್ಕೆ ನೀರು ಬರೋದು ಆ ಗುಡ್ಡದ ಬುಡದ ಒರತೆಯಿಂದ. ಮಾರ್ಚಿನಲ್ಲೂ ಸಣ್ಣಗೆ ಹರಿಯತ್ತೆ. ಐಸೋಟೋಪಿನವರು ಒರತೆ ನೀರನ್ನೂ ಅಳೀತಾರೆ. ಮಳೆಯ ಡೆಲ್ಟಾ ವರ್ಷದಲ್ಲಿ ಮೇಲೆ ಕೆಳಗೆ ಕುಣಿಯತ್ತೆ. ಒರತೆಯಲ್ಲೂ ಅದೇ ಕುಣಿತ ಕಂಡ್ರೆ ಬಿದ್ದ ನೀರು ಹಾಗೇ ಓಡಿ ಹೋಗ್ತಿದೆ ಅಂತ. ಕುಣಿತ ಸಪಾಟಾಗಿದ್ರೆ ನೀರು ಗುಡ್ಡದೊಳಗೆ ತಿಂಗಳುಗಟ್ಟಲೆ ಕೂತು, ಬೆರೆತು, ನಿಧಾನ ಬರ್ತಿದೆ ಅಂತ. ಮಾರ್ಚಿನಲ್ಲಿ ನಮ್ಮ ಒರತೆಯಲ್ಲಿ ನೀರಿದೆ ಅಂದ್ರೆ ಅದು ಆಶ್ಲೇಷ, ಮಘದ ನೀರೇ ಇರಬೇಕು, ಬೇರೆ ಎಲ್ಲಿಂದ ಬರತ್ತೆ? ಅದನ್ನ ಕಾಡಿನ ಮೆತ್ತನೆ ಮಣ್ಣು ಹೀರಿ ಇಟ್ಕೊಂಡಿದೆ. ಆಕಾಶದ ಮಳೆ ನಮ್ಮದೋ ಅವರದೋ, ಆ ನೀರು ಮಾತ್ರ ನಮ್ಮದೇ. ಚಿಕ್ಕಪ್ಪ ಇದಕ್ಕೆ ಏನೂ ಹೇಳಲಿಲ್ಲ. ಎದ್ದು ಹೋಗಿ ಮೋಟಾರ್ ಹಾಕಿ ಬಂದ್ರು.

ಸದ್ಯಕ್ಕೆ ವ್ಯಾಪಾರಿಗೆ ಈ ವರ್ಷ ಇಲ್ಲ ಅಂತ ಹೇಳಿಯಾಗಿದೆ. ತಂಗಿಯ ಮೊದಲ ವರ್ಷದ ಫೀಸು ನಾನು ಕಟ್ತೀನಿ ಅಂದಿದ್ದೀನಿ. ಮುಂದಿನ ವರ್ಷಕ್ಕೆ ಎಲೆಚುಕ್ಕೆ ಏನಾಗತ್ತೆ, ನನ್ನ ಕೆಲಸ ಏನಾಗತ್ತೆ, ಗೊತ್ತಿಲ್ಲ. ವ್ಯಾಪಾರಿ ಫೋನ್ ನಂಬರ್ ಕೊಟ್ಟು ಹೋಗಿದ್ದಾನೆ, ಚಿಕ್ಕಪ್ಪ ಅದನ್ನ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾರೆ.

ಈ ಬ್ಲಾಗ್ ಓದೋರಲ್ಲಿ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯವರು ಯಾರಾದ್ರೂ ಇದ್ರೆ ಒಂದು ವಿಷಯ ತಿಳಿಸಿ. ನಿಮ್ಮಲ್ಲಿ ಹುಬ್ಬೆ, ಉತ್ತರೆ ಮಳೆ ಈ ಸಲ ಹೇಗೆ ಬಂತು? ಶೇಂಗಾ ಕೈಗೆ ಹತ್ತಿತಾ? ಸುಮ್ಮನೆ ಕುತೂಹಲಕ್ಕೆ ಕೇಳ್ತಿಲ್ಲ. ಚಿಕ್ಕಪ್ಪನಿಗೆ ಹೇಳಬೇಕು.